ಅತ್ತೆಯ ಸೆಲ್ಫ್ ತೆಗೆದುಕೊಳ್ಳದ ಗಾಡಿ

ನನ್ನ ಅತ್ತೆಗೆ ಇಬ್ಬರು ಸೊಸೆಯರು. ಒಬ್ಬಳು ನಾನು. ಇನ್ನೊಬ್ಬಳು ಪೆಟ್ರೋಲ್ ಕುಡಿಯುತ್ತಾಳೆ. ಯಾರ ಮೇಲೆ ಪ್ರೀತಿ ಹೆಚ್ಚು ಎಂದು ನನ್ನನ್ನು ಕೇಳಬೇಡಿ. ಮಳೆ ಹನಿದರೆ ಅತ್ತೆ ಟಾರ್ಪಾಲು ಹಿಡಿದು ಓಡುವುದು ನನ್ನ ಕಡೆಗಂತೂ ಅಲ್ಲ.

ಅತ್ತೆ ಬೀಚನಹಳ್ಳಿ ಹತ್ತಿರದ ಒಂದು ರೆಸಾರ್ಟಿನಲ್ಲಿ ತೋಟದ ಕೆಲಸಕ್ಕಿದ್ದರು. ಅಲ್ಲಿ ಹುಲ್ಲು ಕತ್ತರಿಸಲು ಮೇಲೆ ಕೂತು ಓಡಿಸುವ ಗಾಡಿಯೊಂದಿತ್ತು. ನೋಡಲು ಪುಟ್ಟ ಟ್ರ್ಯಾಕ್ಟರು, ಹೊಟ್ಟೆಯಡಿ ತಿರುಗುವ ಬ್ಲೇಡು. ಅದರ ಡ್ರೈವರು ಕೆಲಸ ಬಿಟ್ಟ ದಿನ ಅತ್ತೆ ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತರು. ಆಮೇಲೆ ಅವರನ್ನು ಇಳಿಸಲು ಯಾರಿಂದಲೂ ಆಗಲಿಲ್ಲ. ಕೆಲಸದಿಂದ ನಿವೃತ್ತರಾದ ದಿನ ಮ್ಯಾನೇಜರು ಶಾಲು ಹೊದಿಸಲು ಬಂದರೆ, "ಶಾಲು ನಿಮ್ಮವ್ವಂಗೆ ಕೊಡಿ ಸಾ, ನಂಗೆ ಆ ಗಾಡಿ ಕೊಡಿ" ಎಂದರು. ಸ್ಟಾರ್ಟ್ ಆಗಲು ಸತಾಯಿಸುತ್ತಿದ್ದ ಗಾಡಿ ಹೇಗೂ ಗುಜರಿಗೆ ಹೋಗುವುದಿತ್ತು. ಕೊಟ್ಟರು.

"ನಮ್ಮನೇಲಿ ಲಾನು ಎಲ್ಲಿದೆ ಅತ್ತೆ?" ಎಂದು ಕೇಳಿದೆ.

"ಊರಲ್ಲಿ ಹುಲ್ಲಿಗೆ ಬರವೇನಮ್ಮಿ?"

ಅವರ ಕಣ್ಣು ಊರಾಚೆಯ ಸ್ಮಶಾನದ ಮೇಲಿತ್ತು. ಅಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತಿತ್ತು, ಚಟ್ಟ ಹೊತ್ತವರು ಎಡವುತ್ತಿದ್ದರು. ಪ್ರತಿ ಸಾವಿಗೂ ಗಂಡಸರು "ಕ್ಲೀನ್ ಮಾಡುಸ್ಬೇಕು ಕಣ್ರಲಾ" ಎಂದು ತೀರ್ಮಾನಿಸಿ, ಮುಂದಿನ ಸಾವಿನವರೆಗೆ ಮರೆಯುತ್ತಿದ್ದರು. ಅತ್ತೆ ನೇರ ಅರಳಿಕಟ್ಟೆಗೆ ಹೋಗಿ "ನಾನು ಕತ್ತರುಸ್ತೀನಿ" ಎಂದರು.

"ಎಂಗಸ್ರು ಸುಡುಗಾಡಿಗೆ ಕಾಲಿಡಂಗಿಲ್ಲ ಕಣವ್ವ" ಎಂದರು ಊರ ಯಜಮಾನರು.

"ಕಾಲು ಯಾಕಿಡ್ಲಿ? ಗಾಡಿ ಮ್ಯಾಲೆ ಕೂತಿರ್ತೀನಿ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಯಜಮಾನರಿಗೂ ತುಟಿ ಅರಳಿತು. "ಮೊದ್ಲು ಅದು ಸ್ಟಾರ್ಟ್ ಆಗ್ಲಿ ಬುಡು, ಆಮ್ಯಾಕೆ ನೋಡುವ."

"ಎಲ್ರೂ ಕೇಳುಸ್ಕೊಂಡ್ರಾ?" ಎಂದು ಅತ್ತೆ ಕಟ್ಟೆಯ ಸುತ್ತ ಒಮ್ಮೆ ನೋಡಿ ಬಂದರು.

ಅಂದಿನಿಂದ ನಮ್ಮ ಮನೆಯಲ್ಲಿ ನೆಮ್ಮದಿ ಎನ್ನುವುದು ಉಳಿಯಲಿಲ್ಲ. ಅತ್ತೆ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರೆ ಗಾಡಿ 'ಗುರ್ರ್' ಎಂದು ಅರ್ಧ ಸುತ್ತು ಬಂದು, ಮುದಿ ಎತ್ತಿನ ಹಾಗೆ ನಿಂತುಬಿಡುತ್ತಿತ್ತು. ನನ್ನ ಗಂಡ ಬ್ಯಾಟರಿ ಚಾರ್ಜ್ ಮಾಡಿಸಿ ತಂದರು. ಗುರ್ರ್. ಪ್ಲಗ್ಗು ಉಜ್ಜಿದರು. ಗುರ್ರ್. "ಸ್ಟಾರ್ಟರ್ ಮೋಟ್ರು ಹೋಗದೆ ಕಣವ್ವ" ಎಂದು ಹೊಸದು ಹಾಕಿಸಿದರು. ಅದು ಇನ್ನೂ ಗಟ್ಟಿಯಾಗಿ ಗುರ್ರ್ ಎಂದಿತು. ಪಕ್ಕದ ಮನೆಯವರು ನಿಂಬೆಹಣ್ಣು ಕಟ್ಟಿ ಎಂದರು. "ನಿಂಬೆಹಣ್ಣು ಕಟ್ಟುದ್ರೆ ಪಾನಕ ಮಾಡ್ತದೆ, ಸ್ಟಾರ್ಟ್ ಆಯ್ತದಾ?" ಎಂದು ಅತ್ತೆ ಅವರನ್ನೂ ಕಳಿಸಿದರು.

ಕೊನೆಗೆ ಗಾಡಿಯನ್ನು ಗೂಡ್ಸ್ ಆಟೋಗೆ ಏರಿಸಿ ನನ್ನ ತವರೂರು ಹುಣಸೂರಿಗೆ ಮೂವರೂ ಹೊರಟೆವು. ಅತ್ತೆ ಡ್ರೈವರ್ ಪಕ್ಕ ಕೂರಲು ಒಪ್ಪದೆ, ಹಿಂದೆ ಗಾಡಿಯ ಸೀಟಿನಲ್ಲೇ ಸ್ಟೇರಿಂಗ್ ಹಿಡಿದು ಕೂತರು. ದಾರಿಯಲ್ಲಿ ಸಿಗುವ ಕೋಟೆ ಊರಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕೈಮುಗಿದರಂತೆ. ಯಾವ ದೇವರೆಂದುಕೊಂಡರೋ.

ನಮ್ಮ ತಂದೆಯ ಪರಿಚಯದ ಮೆಕ್ಯಾನಿಕ್ ಭಾಯಿ, ಅತ್ತೆಯನ್ನು ಇಳಿಸಿ, ಪಕ್ಕದಲ್ಲಿ ನಿಂತು ಕೀಲಿ ತಿರುಗಿಸಿದರು. ಗುರ್ರ್ ಕೂಡ ಇಲ್ಲ. ವೈರೆಲ್ಲ ಬಿಚ್ಚಿದರು, ಕಟ್ಟಿದರು, ಚಹಾ ಕುಡಿದರು. ನಿಂತು ಸುಸ್ತಾದ ಅತ್ತೆ ಸೀಟಿನಲ್ಲಿ ಕೂತು, ಅಭ್ಯಾಸಬಲದಿಂದ ಬ್ರೇಕ್ ತುಳಿದು ಕೀಲಿ ತಿರುಗಿಸಿದರು. ಗುರ್ರ್! ಸೀಟಿನಡಿ ಒಂದು ಸ್ವಿಚ್ಚಿದೆಯಂತೆ. ಯಾರೂ ಕೂರದಿದ್ದರೆ ಸ್ಟಾರ್ಟರಿಗೆ ಕರೆಂಟೇ ಹೋಗದಂತೆ. "ಮರ್ವಾದೆ ಗೊತ್ತಿರೋ ಗಾಡಿ" ಎಂದ ಅತ್ತೆ ಮತ್ತೆ ಇಳಿಯಲೇ ಇಲ್ಲ. ಭಾಯಿ ಅವರ ಕಾಲ ಸಂದಿಯಲ್ಲಿ ಸ್ಪ್ಯಾನರ್ ತೂರಿಸಿಕೊಂಡು ಕೆಲಸ ಮಾಡಬೇಕಾಯಿತು.

ಕಾರ್ಬೋರೇಟರ್ ತೊಳೆದು ನಿರಾಸೆಪಟ್ಟು, ಸ್ಟಾರ್ಟರ್ ಬಿಚ್ಚಿ ಮತ್ತೂ ನಿರಾಸೆಪಟ್ಟ ಮೇಲೆ, ಭಾಯಿ ಇಂಜಿನ್ನಿನ ಮುಚ್ಚಳ ತೆಗೆದರು. ವಾಲ್ವಿನ ಟ್ಯಾಪೆಟ್ ಸಡಿಲವಾಗಿತ್ತು.

"ಸ್ಟಾರ್ಟ್ ಆಗೋವಾಗ ಇಂಜಿನ್ ಸ್ವಲ್ಪ ಗಾಳಿ ಬಿಡ್ಬೇಕಮ್ಮಾ. ಟ್ಯಾಪೆಟ್ ಸಡಿಲಾಗಿ ವಾಲ್ವು ತೆರೀತಿಲ್ಲ, ಇದು ಗಾಳಿ ಬಿಗಿ ಹಿಡ್ಕೊಂಡದೆ. ಪಾಪ ಸ್ಟಾರ್ಟರ್ ಎಷ್ಟಂತ ನೂಕ್ತದೆ?"

ಅತ್ತೆ ಮಗನತ್ತ ತಿರುಗಿದರು. "ಕೇಳುಸ್ತೇನ್ಲಾ? ಸುಮ್ಕೆ ಸ್ಟಾರ್ಟ್ರು ಮ್ಯಾಲೆ ಗೂಬೆ ಕೂರ್ಸಿದ್ದೆ."

ಟ್ಯಾಪೆಟ್ ಸರಿಮಾಡಿ ಕೀಲಿ ತಿರುಗಿಸಿದಾಗ ಗಾಡಿ ಒಂದೇ ಏಟಿಗೆ ಎದ್ದಿತು. ಅಂಗಡಿಯ ಮುಂದಿದ್ದ ಮೇಕೆ ದಿಕ್ಕೆಟ್ಟು ಓಡಿತು.

ಮಾರನೆಯ ಬೆಳಿಗ್ಗೆ ಅತ್ತೆ ಊರ ನಡುವಿನ ಬೀದಿಯಲ್ಲೇ ಗಾಡಿ ಓಡಿಸಿಕೊಂಡು ಹೊರಟರು. ಹಿಂದೆ ನಾನು, ನನ್ನ ಗಂಡ. ಸ್ಮಶಾನದ ಬಾಯಲ್ಲಿ ಯಜಮಾನರು ಕೈ ಅಡ್ಡ ಹಿಡಿದು ನಿಂತಿದ್ದರು. "ಅವತ್ತು ತಮಾಸೆಗೆ ಅಂದಿದ್ದು ಕಣವ್ವ. ತಿರುಗ್ಸು ಗಾಡಿಯ."

"ನಾನು ತಮಾಸೆಗೆ ಬಂದಿಲ್ಲ. ಪಕ್ಕಕ್ಕೆ ಬನ್ನಿ ಯಜಮಾನ್ರೆ, ಬ್ಲೇಡು ತಿರುಗ್ತಾ ಅದೆ."

ಯಜಮಾನರು ಬ್ಲೇಡು ನೋಡಿದರು, ಅತ್ತೆಯ ಮುಖ ನೋಡಿದರು. ಎರಡರಲ್ಲಿ ಯಾವುದಕ್ಕೆ ಹೆದರಿದರೋ, ಪಕ್ಕಕ್ಕೆ ಸರಿದರು. ನಾನು ಕಲ್ಲು ಆರಿಸುವ ನೆಪದಲ್ಲಿ ಒಳಗೆ ನಡೆದೆ. ನನ್ನನ್ನು ತಡೆಯಬೇಕೆಂಬುದು ಯಾರಿಗೂ ಹೊಳೆಯಲಿಲ್ಲ.

ಬಿಸಿಲೇರುವ ಹೊತ್ತಿಗೆ ಹೊಂಗೆಮರದ ಮೂಲೆಯೊಂದೇ ಉಳಿದಿತ್ತು. ಅತ್ತೆ ಗಾಡಿ ನಿಲ್ಲಿಸಿ ಮಗನನ್ನು ಕೇಳಿದರು, "ಯಾವುದ್ಲಾ?"

ಮಾವನವರು ತೀರಿಕೊಂಡ ದಿನ ಅತ್ತೆಯನ್ನು ಬೀದಿಯ ತಿರುವಿನಲ್ಲೇ ನಿಲ್ಲಿಸಿ ಚಟ್ಟ ಮುಂದೆ ಹೋಗಿತ್ತು. ಅವರನ್ನು ಎಲ್ಲಿ ಮಲಗಿಸಿದ್ದಾರೆಂದು ಅತ್ತೆ ಕಂಡೇ ಇರಲಿಲ್ಲ. ನನ್ನ ಗಂಡ ಒಂದು ಗುಡ್ಡೆಯತ್ತ ಕೈತೋರಿಸಿದರು.

ಅತ್ತೆ ಕೀಲಿ ತಿರುಗಿಸಿ ಇಂಜಿನ್ ಆರಿಸಿ ಇಳಿದರು. ಅಲ್ಲಿಗೆ ಬ್ಲೇಡು ತಾಗಿಸಲಿಲ್ಲ. ಮಂಡಿಯೂರಿ ಕೂತು, ಗುಡ್ಡೆಯ ಮೇಲಿನ ಹುಲ್ಲನ್ನು ಎಳೆ ಎಳೆಯಾಗಿ ಕೈಯಿಂದಲೇ ಕಿತ್ತರು. ಆಮೇಲೆ ಮಣ್ಣನ್ನು ಅಂಗೈಯಿಂದ ಸವರುತ್ತಾ, ನಮಗೆ ಕೇಳಿಸದು ಎಂದುಕೊಂಡು ಮೆಲ್ಲಗೆ ಹೇಳಿದ್ದು ನಮಗೆ ಕೇಳಿಸಿತು:

"ಬಾಳ ಸದ್ದು ಮಾಡ್ಬುಟ್ಟೆ. ಮಲೀಕಳಿ."