ನಮ್ಮ ಮಾಮಾನ ದೇಶಸೇವೆ ಮತ್ತು ನನ್ನ ಕಾರು

ನಮ್ಮ ಮಾಮಾ ದೇಶಸೇವೆ ಮಾಡುತ್ತಾರೆ. ಅದರಿಂದ ದೇಶಕ್ಕೆ ಏನಾಯಿತೋ ನನಗೆ ಗೊತ್ತಿಲ್ಲ. ನನ್ನ ಕಾರಿನ ಕ್ಲಚ್ ಪ್ಲೇಟು ಮಾತ್ರ ಎರಡು ಸಲ ಹೋಗಿದೆ!

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಹೈಸ್ಕೂಲು ಮಾಸ್ತರಿಕೆ ಮುಗಿದ ಮೇಲೆ ಸುಮ್ಮನೆ ಪೇಪರು ಓದಿಕೊಂಡು ಮನೆಯಲ್ಲಿ ಇರಬಹುದಿತ್ತಲ್ಲ? ಇಲ್ಲ. ಸರ್ಕಾರದ ಸೇವಾ ಯೋಜನೆಯೊಂದರಲ್ಲಿ ಮೇಲ್ವಿಚಾರಕರಾಗಿ ಸೇರಿಕೊಂಡರು. ಓದು ಮುಗಿಸಿದ ಹುಡುಗ ಹುಡುಗಿಯರು ಒಂದು ವರ್ಷ ಹಳ್ಳಿಯ ಶಾಲೆಯಲ್ಲೋ ದವಾಖಾನೆಯಲ್ಲೋ ದುಡಿಯುವ ಯೋಜನೆ ಅದು. ಅವರನ್ನು ಊರೂರಿಗೆ ಹಂಚುವುದು, ಆಮೇಲೆ ಅವರಿಗೂ ಊರಿನವರಿಗೂ ಜಗಳವಾಗದಂತೆ ನೋಡಿಕೊಳ್ಳುವುದು ಮಾಮಾನ ಕೆಲಸ. ಕಚೇರಿ ಬೆಳಗಾವಿಯಲ್ಲಿ, ಸ್ವಯಂಸೇವಕರು ಖಾನಾಪುರ ತಾಲೂಕಿನ ತುಂಬ, ಡ್ರೈವರು ನಾನು. ಬ್ಯಾಂಕಿನವಳಾದ ನನಗೆ ತಿಂಗಳಿಗೆ ಸಿಗುವುದೇ ಎರಡು ಶನಿವಾರದ ರಜೆ. ಎರಡನ್ನೂ ದೇಶ ನುಂಗಿತು.

ಯಾರನ್ನು ಎಲ್ಲಿಗೆ ಕಳಿಸಬೇಕು ಎಂಬುದಕ್ಕೆ ಮಾಮಾನದೇ ಒಂದು ಶಾಸ್ತ್ರವಿತ್ತು. ಯಾರಿಗೆ ಯಾವುದು ಒಗ್ಗುವುದಿಲ್ಲವೋ ಅವರನ್ನು ಅಲ್ಲಿಗೇ ಕಳಿಸುವುದು! ಗುಡುಗಿನಂಥ ಧ್ವನಿಯ ಹುಡುಗನನ್ನು ದವಾಖಾನೆಗೆ ಕಳಿಸಿದರು. ಪಕ್ಕದಲ್ಲಿ ಕುಳಿತವರಿಗೂ ಕೇಳಿಸದಂತೆ ಮಾತಾಡುವವನನ್ನು ನಲವತ್ತು ಮಕ್ಕಳ ತರಗತಿಗೆ ಕಳಿಸಿದರು.

“ಇದೇನ್ರಿ ಮಾಮಾ ಇದು?” ಎಂದರೆ, “ಬರೂದನ್ನ ಮಾಡಾಕ ಸೇವಾ ಯಾಕ ಬೇಕವಾ? ಬರಲಾರದ್ದು ಕಲೀಲಿ” ಎಂದರು. ದವಾಖಾನೆಯ ರೋಗಿಗಳು ಏನು ಕಲಿತರೋ ನಾನು ಕೇಳಲಿಲ್ಲ.

ಇನ್ನು ಅವರ ತಿಂಗಳ ವರದಿಯ ಚೆಂದ ನೋಡಬೇಕು. ‘ಸ್ವಯಂಸೇವಕರಿಗೆ ನೀಡಿದ ಬೆಂಬಲ’ ಎಂಬಲ್ಲಿ ಮಾಮಾ ಬರೆದದ್ದು: ‘ಶೇಂಗಾ ಚಟ್ನಿ, ಎರಡು ಡಬ್ಬಿ.’ ‘ಶಾಲೆಯ ಮುಖ್ಯ ಸಮಸ್ಯೆ’ ಎಂಬಲ್ಲಿ ಬರೆದದ್ದು: ‘ಹೆಡ್‌ಮಾಸ್ತರರು.’ ಅದರ ಕೆಳಗೆ ಆ ಹೆಡ್‌ಮಾಸ್ತರರು ಓದದೇ ಸಹಿ ಮಾಡಿದ್ದರು.

ಒಮ್ಮೆ ಆರು ಜನ ಹೆಡ್‌ಮಾಸ್ತರರನ್ನು ತರಬೇತಿ ಎಂದು ಬೆಳಗಾವಿಗೆ ಕರೆಸಿದರು. ಕಚೇರಿಯ ವರಾಂಡದ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದವರು ಒಂದು ತಾಸು ಹೊರಗೆ ಬರಲಿಲ್ಲ. ಚಹಾ ಇಲ್ಲ, ಮಾತಿಲ್ಲ.

“ಏನ್ರಿ ಇದು, ಒಬ್ಬರೂ ಮಾತಾಡ್ಸವಲ್ರು” ಎಂದು ಹಿರಿಯರೊಬ್ಬರು ಬಾಗಿಲು ತಟ್ಟಿದರು.

“ನಿಮ್ಮ ಸಾಲಿಗೆ ಬಂದ ಮೊದಲನೇ ದಿನಾ ನಮ್ಮ ಹುಡುಗುರೂ ಹಿಂಗ ಕುಂತಿರ್ತಾವ್ರಿ. ನಿಮಗೂ ಗೊತ್ತಾಗ್ಲಿ ಅಂತ ಕುಂದರ್ಸಿದ್ದೆ. ತರಬೇತಿ ಮುಗೀತು, ಹೋಗಿ ಬರ್ರಿ” ಎಂದರು ಮಾಮಾ. ಆ ಹೊತ್ತಿಗೆ ಇಬ್ಬರು ಊಟಕ್ಕೆ ಹೋಗಿದ್ದರು, ಒಬ್ಬರು ಗೊರಕೆ ಹೊಡೆಯುತ್ತಿದ್ದರು. ಇಂಥ ತರಬೇತಿಯನ್ನು ಮೆಚ್ಚಿದವರು ಇಡೀ ಜಿಲ್ಲೆಯಲ್ಲಿ ಒಬ್ಬರೇ, ಅವರು ಮಾಮಾ.

ಒಗ್ಗದ ಕಡೆಗೇ ಕಳಿಸುವ ಶಾಸ್ತ್ರ ಮಾಮಾನ ಕೊರಳಿಗೇ ಸುತ್ತಿಕೊಂಡದ್ದು ಕಳೆದ ಮಳೆಗಾಲದಲ್ಲಿ. ವಿಜಯಪುರದ ಕಡೆಯ ಹುಡುಗಿಯೊಬ್ಬಳನ್ನು, “ಬಿಸಿಲಾಗ ಬೆಳದ ಕೂಸು, ಮಳಿ ನೋಡ್ಲಿ” ಎಂದು ಕಣಕುಂಬಿಯ ಆಚೆ ಕಾಡಿನ ನಡುವಿನ ಪುಟ್ಟ ಶಾಲೆಗೆ ಕಳಿಸಿದ್ದರು. ತಿಂಗಳು ತುಂಬುವಷ್ಟರಲ್ಲಿ ಅವಳ ಫೋನು ಬಂತು: “ಸರ್, ನನ್ನ ಕೈಲೆ ಇನ್ನ ಆಗಂಗಿಲ್ರಿ.”

ನಾವು ಹೋದಾಗ ಅವಳು ಒಣಗದ ಬಟ್ಟೆಗಳನ್ನೇ ಬ್ಯಾಗಿಗೆ ತುಂಬಿಕೊಂಡು ಕುಳಿತಿದ್ದಳು. ಅಲ್ಲಿಯ ಹೆಡ್‌ಮಾಸ್ತರರು ಪಾಪ ಒಳ್ಳೆಯವರು. “ಹುಡುಗಿ ಛಲೋ ಅದಾಳ್ರಿ. ಆದ್ರ ನಮ್ಮ ಹುಡುಗುರಿಗೆ ಮರಾಠಿ ಬಿಟ್ರ ಬ್ಯಾರೆ ಬರಂಗಿಲ್ಲ, ಆಕಿಗೆ ಮರಾಠಿ ಬರಂಗಿಲ್ಲ. ದಿನಾ ಒಬ್ಬರ ಮುಖಾ ಒಬ್ಬರು ನೋಡ್ಕೋತ ಕುಂದರ್ತಾರ” ಎಂದರು.

ಹುಡುಗಿ ನನ್ನನ್ನು ಬಾಜುಕ್ಕೆ ಕರೆದು ಹೇಳಿದಳು: “ವರ್ಷಾ ಮುಗಿಸಿದ್ರ ಬಿ.ಎಡ್. ಓದಸ್ತೀನಿ ಅಂದಾನ್ರಿ ಅಪ್ಪ. ನಡುವ ಬಿಟ್ಟು ಬಂದ್ರ ಮದಿವಿ ಅಂತ. ನಾ ಮನೀಗೂ ಹೋಗಾಕ ಬರಂಗಿಲ್ಲ, ಇಲ್ಲೂ ಇರಾಕ ಆಗವಲ್ದು.”

ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರ ಎದುರಿಗೇ ಕೇಳಿದೆ: “ಮಳಿ ತೋರ್ಸಾಕ ಹೋಗಿ ಆಕಿ ಓದಿಗೆ ಕಲ್ಲ ಹಾಕಿದ್ರಿ ಮಾಮಾ. ಈಗೇನ್ ಮಾಡ್ತೀರಿ?”

ಮಾಮಾ ವಾದ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಹುಡುಗಿಯ ಎದುರು ಹೋಗಿ ನಿಂತರು. “ತಪ್ಪು ನಂದವಾ. ನಿಂದೇನಿಲ್ಲ. ಇನ್ನೊಂದು ವಾರ ತಡಿ” ಎಂದರು.

ಬೆಳಗಾವಿ ಹತ್ತಿರದ ದೇಸೂರಿನ ಕನ್ನಡ ಶಾಲೆ ಅವಳನ್ನು ಕರೆದುಕೊಳ್ಳಲು ಸಿದ್ಧವಿತ್ತು. ಅಡ್ಡಿಯಾದದ್ದು ನಿಯಮ. ಬದಲಿಗೆ ಇನ್ನೊಬ್ಬರು ಬರುವ ತನಕ ಇದ್ದ ಜಾಗ ಖಾಲಿ ಬಿಡುವಂತಿಲ್ಲ; ಬಿಟ್ಟರೆ ನಡುವೆ ಬಿಟ್ಟುಹೋದವಳೆಂದೇ ಲೆಕ್ಕ. ಆ ಕಾಡಿಗೆ ಬರುವ ಇನ್ನೊಬ್ಬರು ಪಟ್ಟಿಯಲ್ಲೇ ಇರಲಿಲ್ಲ. ಮಾಮಾ ಸೋಮವಾರ ಕಚೇರಿಗೆ ಹೋಗಿ ಮೇಲ್ವಿಚಾರಕನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದರು.

“ಜಾಗಾ ಖಾಲಿ ಇರಬಾರದು ಅಂತ ಐತಿ. ಬರಾವ್ರ ವಯಸ್ಸು ಎಷ್ಟಿರಬೇಕು ಅಂತ ಎಲ್ಲೂ ಬರದಿಲ್ಲ” ಎಂದರು. “ನನಗ ಮರಾಠಿ ಬರತೈತಿ.”

“ತಲಿ ಕೆಟ್ಟೈತೇನ್ರಿ? ಮೊದಲ ನಿಮ್ಮ ಮೊಣಕಾಲ ನೋಡ್ಕೋರಿ” ಎಂದೆ. ಮಾಮಾನ ಹೆಂಡತಿ, ನಮ್ಮ ಅತ್ತೆ, ನನ್ನ ಪರವಾಗಿಯೇ ಮಾತಾಡಿದರು, ಆದರೂ ಸ್ವೆಟರ್ ತೆಗೆದಿಟ್ಟರು.

ಮುಂದಿನ ಶನಿವಾರ ಬ್ಯಾಂಕಿಗೆ ರಜೆ ಹಾಕಿ ಅವರನ್ನು ಆ ಶಾಲೆಗೆ ಬಿಡಲು ಹೋದೆ. ಹುಡುಗಿ ಅಳುತ್ತ ಕಾಲಿಗೆ ಬಿದ್ದಳು. “ಏಳವಾ. ವರ್ಷಾ ಮುಗಿಸು, ಸಾಕು” ಎಂದು ಅವಳ ಬ್ಯಾಗನ್ನು ತಾವೇ ಕಾರಿನಲ್ಲಿಟ್ಟರು. ಹೆಡ್‌ಮಾಸ್ತರರು, “ಬರ್ರಿ ಸರ್, ಕುರ್ಚಿ ತರಸ್ತೀನಿ” ಎಂದರೆ, “ಸರ್ ಅನಬ್ಯಾಡ್ರಿ. ಏನ್ ಮಾಡ್ಲಿ ಹೇಳ್ರಿ” ಎಂದು ಹೊಸಬರ ಹಾಗೆ ನಿಂತರು. ಕಂಬದ ಹಿಂದಿನಿಂದ ಮಕ್ಕಳು ಇಣುಕಿ ಕಿಸಕ್ಕನೆ ನಕ್ಕವು. ಸುತ್ತ ಮಳೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಕಾರು ತಿರುಗಿಸುವಾಗ ಮಾಮಾ ಕಿಟಕಿಯ ಹತ್ತಿರ ಬಂದರು. ಬಾಗಿಲ ಮೇಲೆ ಕೈಯಿಟ್ಟು, “ಮತ್ತ ಯಾವಾಗ ಬರ್ತಿಯವಾ?” ಎಂದು ಎರಡು ಸಲ ಕೇಳಿದರು. ಇಷ್ಟು ಮಕ್ಕಳನ್ನು ಗೊತ್ತಿಲ್ಲದ ಊರುಗಳಲ್ಲಿ ಬಿಟ್ಟು ಬಂದ ಮನುಷ್ಯ, ಅರವತ್ತೆರಡರ ವಯಸ್ಸಿನಲ್ಲಿ ಹೆದರಿಕೊಂಡಿದ್ದರು. ಅವರನ್ನು ಅಷ್ಟು ಆಡಿಕೊಂಡದ್ದಕ್ಕೆ ನನಗೆ ನಾಚಿಕೆಯಾಯಿತು.

ನಾನು ಆ ಕೈಯನ್ನು ಹಿಡಿದುಕೊಂಡೆ. “ಅಂಜಬ್ಯಾಡ್ರಿ ಮಾಮಾ” ಎಂದೆ.