ಮೇಲ್ಮನೆ ಅಜ್ಜಿಯ ಮೂರನೆಯ ಕ್ಷಮೆ

ಗಂಡ ಹೆಂಡತಿ ಜಗಳವಾಡುವುದಕ್ಕೆಂದೇ ಟಿಕೆಟ್ ಕೊಂಡು, ರೈಲು ಹತ್ತಿ, ಎರಡೂವರೆ ಗಂಟೆ ಪ್ರಯಾಣ ಮಾಡುತ್ತಾರೆಂದರೆ ನೀವು ನಂಬುತ್ತೀರಾ? ಮನೆಯಲ್ಲೇ, ಹಾಕಿದ ಬಟ್ಟೆಯಲ್ಲೇ ಆಡಿ ಮುಗಿಸಬಹುದಾದ ಜಗಳವನ್ನು! ನಂಬಿಕೆ ಬಾರದಿದ್ದರೆ ಯಾವುದಾದರೂ ಶುಕ್ರವಾರ ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನಲ್ಲಿರುವ ನಮ್ಮ ಮನೆಗೆ ಬನ್ನಿ. ನಾವಿರುವುದು ಎರಡನೆಯ ಮಹಡಿ. ನಮ್ಮ ತಲೆಯ ಮೇಲೆ, ಮೂರನೆಯದರಲ್ಲಿ, ಈ ಪ್ರಯಾಣಿಕರೆಲ್ಲ ಹುಡುಕಿಕೊಂಡು ಬರುವ ಅಜ್ಜಿ ಇದ್ದಾರೆ.

ಅಜ್ಜಿಗೆ ಎಪ್ಪತ್ತನಾಲ್ಕು. ಯಹೂದಿ. ಕೆಲಸ, ಕೆಟ್ಟುಹೋದ ದಾಂಪತ್ಯಗಳ ರಿಪೇರಿ. ಬರುವವರೂ ಯಹೂದಿಗಳೇ, ಸ್ಟಾಕ್‌ಹೋಮಿನಿಂದ ಕೆಲವರು, ಗೋಥೆನ್‌ಬರ್ಗಿನಿಂದ ಕೆಲವರು. ಅವರವರ ಊರಿನಲ್ಲಿ ಸಲಹೆಗಾರರು ಇಲ್ಲವೆಂದಲ್ಲ. ಆದರೆ ಈ ದೇಶದಲ್ಲಿ ಅವರ ಸಮುದಾಯ ಎಷ್ಟು ಚಿಕ್ಕದೆಂದರೆ, ಬೆಳಿಗ್ಗೆ ಹತ್ತಕ್ಕೆ ಗಂಡ ಹೆಂಡತಿ ಒಟ್ಟಿಗೆ ಸಲಹೆಗಾರರ ಬಾಗಿಲು ತಟ್ಟಿದರೆ ಹನ್ನೊಂದಕ್ಕೆ ಮಾಲ್ಮೋದಲ್ಲಿರುವ ಸೋದರತ್ತೆ ಫೋನು ಮಾಡಿ "ಏನಂತೆ?" ಎಂದು ಕೇಳುತ್ತಾಳಂತೆ. (ನಮ್ಮ ಕನ್ನಡದವರಲ್ಲಿ ಹನ್ನೊಂದರವರೆಗೆ ಕಾಯುವುದಿಲ್ಲ, ಅಷ್ಟೇ ವ್ಯತ್ಯಾಸ!) ಕಾರ್ಲ್‌ಸ್ಟಾಡ್‌ನಲ್ಲಾದರೆ ಪರಿಚಯದವರು ಯಾರೂ ಎದುರಾಗುವುದಿಲ್ಲ. ಬರುವಾಗ ಬೇರೆ ಬೇರೆ ಬೋಗಿಯಲ್ಲಿ ಬಂದವರು ವಾಪಸ್ಸು ಒಂದೇ ಬೋಗಿ ಹತ್ತಿದರೆ ರಿಪೇರಿ ಆಯಿತೆಂದು ಅರ್ಥ.

ಹೀಗೆ ಎಷ್ಟೋ ಸಂಸಾರ ಜೋಡಿಸಿದ ಈ ಮಹಾತಾಯಿಯ ಜೊತೆ ಅವರ ಸ್ವಂತ ತಂಗಿ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದಾಳೆ! ಒಬ್ಬಳೇ ತಂಗಿ, ಗೋಥೆನ್‌ಬರ್ಗಿನಲ್ಲಿ. ಅಜ್ಜಿ ಇದನ್ನು ಮುಚ್ಚಿಡುವವರೂ ಅಲ್ಲ. "ಮೊದಲು ನನ್ನ ಸೋಲು ಹೇಳ್ಬಿಡ್ತೀನಿ, ಆಮೇಲೆ ನಿಮ್ಮದು ಕೇಳ್ತೀನಿ" ಎಂದೇ ಪ್ರತಿ ದಂಪತಿಗಳ ಹತ್ತಿರ ಶುರುಮಾಡುತ್ತಾರೆ. ಆ ತಂಗಿಯ ಮುಖ ಮತ್ತೆ ನೋಡದೆ ನಾನು ಸಾಯುವುದಿಲ್ಲ ಎಂಬುದು ಅವರ ಹಟ. ಸಾಯುವುದಿಲ್ಲ ಎಂದರೆ ಸಾಯುವುದಿಲ್ಲ. ವೈದ್ಯರಿಗೂ ಹಾಗೆಂದೇ ಹೇಳಿ ಬಂದಿದ್ದಾರೆ.

ನಮಗೆ ಅವರ ಪರಿಚಯವಾದದ್ದೇ ಒಂದು ಅವಾಂತರದಿಂದ. ಆಗಷ್ಟೇ ಈ ಮನೆಗೆ ಬಂದಿದ್ದೆವು. ಒಂದು ಶುಕ್ರವಾರ ಬೆಲ್ಲು ಬಾರಿಸಿತು. ಬಾಗಿಲಲ್ಲಿ ಸುಮಾರು ಮೂವತ್ತೈದರ ಗಂಡು ಹೆಣ್ಣು, ಇಬ್ಬರ ಮುಖವೂ ಊದಿಕೊಂಡಿತ್ತು. ಕಟ್ಟಡದವರೆಲ್ಲ ಸರದಿಯಲ್ಲಿ ಬಳಸುವ ಬಟ್ಟೆ ಒಗೆಯುವ ಕೋಣೆಯನ್ನು ನಾನು ತಪ್ಪು ಹೊತ್ತಿಗೆ ಬುಕ್ ಮಾಡಿದ್ದೆ. ಸ್ವೀಡನ್ನಿನಲ್ಲಿ ಕೊಲೆಯನ್ನಾದರೂ ಕ್ಷಮಿಸಿಯಾರು, ಅದನ್ನು ಕ್ಷಮಿಸುವುದಿಲ್ಲ. ಅದನ್ನೇ ಕೇಳಲು ಬಂದಿದ್ದಾರೆಂದು ಹೆದರಿ ಒಳಗೆ ಕರೆದೆ, ಕಾಫಿ ಕೊಟ್ಟೆ, ಚಕ್ಕುಲಿ ಇಟ್ಟೆ. ಹುರುಳಿಕಾಯಿ ಹೆಚ್ಚುತ್ತಿದ್ದೆನಾದ್ದರಿಂದ, ಸುಮ್ಮನೆ ಕೂತಿರಲು ಅವರಿಗೆ ಮುಜುಗರವಾದೀತೆಂದು ಅವರ ಮುಂದೂ ಒಂದೊಂದು ಹಿಡಿ ಸುರಿದೆ. ಕಾಯಿ ಮುರಿಯುತ್ತ ಆಕೆ ಅಳಲು ತೊಡಗಿದಳು. ಅವನೂ ಮೂಗೊರೆಸಿಕೊಂಡ. ಅತ್ತೆಯಿಂದ ಶುರುವಾಗಿ ಮಗುವಿನ ಡಾಗಿಸ್, ಅಂದರೆ ಶಿಶುವಿಹಾರಕ್ಕೆ ಯಾರು ಬಿಡಬೇಕೆಂಬವರೆಗೆ ಎಲ್ಲ ಹೊರಬಂತು. ಅಷ್ಟರಲ್ಲಿ ನಮ್ಮವರು ಆಫೀಸಿನಿಂದ ಬಂದರು. ಅಡುಗೆಮನೆಯಲ್ಲಿ ಅಪರಿಚಿತರಿಬ್ಬರು ಅಳುತ್ತ ಹುರುಳಿಕಾಯಿ ಮುರಿಯುತ್ತಿದ್ದಾರೆ!

"ಏನೇ ಇದು? ಯಾರೇ ಇವ್ರು?" ಎಂದು ಕನ್ನಡದಲ್ಲಿ ಕೇಳಿದರು.

"ನಂಗೂ ಗೊತ್ತಿಲ್ಲರೀ. ಆದ್ರೆ ಈ ಹುಡುಗಿ ಅತ್ತೆ ಮಾತ್ರ ಸರಿಯಿಲ್ಲ" ಎಂದೆ.

ಮಹಡಿ ತಪ್ಪಿತ್ತು, ಅಷ್ಟೇ. ಮೇಲಿನ ಅಜ್ಜಿಯೂ ಬಂದವರಿಗೆ ಅಡುಗೆಮನೆಯಲ್ಲೇ ಕೆಲಸ ಕೊಟ್ಟು ಕೂರಿಸುತ್ತಾರೆಂದು ಯಾರೋ ಹೇಳಿ ಕಳಿಸಿದ್ದರಂತೆ. "ನೀವು ಕೊಚ್ಚಿ ಕಡೆಯ ಯಹೂದಿ ಅಂದ್ಕೊಂಡ್ವಿ" ಎಂದ ಆ ಗಂಡ, ನಾಚಿಕೊಂಡು. ಹುಡುಕುತ್ತ ಕೆಳಗಿಳಿದು ಬಂದ ಅಜ್ಜಿ, ಹೆಚ್ಚಿದ ಕಾಯಿಯನ್ನೂ ಆ ಜೋಡಿಯ ಮುಖಗಳನ್ನೂ ಪರೀಕ್ಷಿಸಿ, "ಹುಡುಗೀ, ಅರ್ಧ ಕೆಲಸ ಮುಗಿಸಿಬಿಟ್ಟಿದೀಯಲ್ಲೇ!" ಎಂದರು. ಐವತ್ತೆರಡರ ನನ್ನನ್ನು ಹುಡುಗಿ ಎನ್ನುವವರು ಭೂಮಿಯ ಮೇಲೆ ಇನ್ಯಾರು ಉಳಿದಿದ್ದಾರೆ? ಅಂದೇ ಸೋತುಹೋದೆ.

ಅಜ್ಜಿಯ ಚಿಕಿತ್ಸೆ ಶುಕ್ರವಾರ ಮಾತ್ರ. ಅಂದು ಸಂಜೆ ಸೂರ್ಯ ಮುಳುಗಿದರೆ ಅವರ ಸಬ್ಬತ್ ಶುರು. ಮರುದಿನ ಕತ್ತಲಾಗುವವರೆಗೆ ಒಲೆ ಹಚ್ಚುವಂತಿಲ್ಲ, ಫೋನು ಮುಟ್ಟುವಂತಿಲ್ಲ, ಕೆಲಸ ಮಾಡುವಂತಿಲ್ಲ. ಸಬ್ಬತ್ತಿನ ಊಟಕ್ಕೆ ಜಡೆಯಂತೆ ಹೆಣೆದ ಬ್ರೆಡ್ಡು ಎರಡು ಬೇಕು. ದಂಪತಿಗಳು ಆ ಹಿಟ್ಟು ನಾದಬೇಕು, ಜಗಳವಾಡುತ್ತಲೇ ಆರೆಳೆಯ ಜಡೆ ಹೆಣೆಯಬೇಕು. ಮೂರು ಎಳೆ ಅವನ ಕೈಯಲ್ಲಿ, ಮೂರು ಅವಳ ಕೈಯಲ್ಲಿ. ಸೂರ್ಯ ಮುಳುಗುವುದರೊಳಗೆ ಬ್ರೆಡ್ಡೂ ಬೇಯಬೇಕು, ರಾಜಿಯೂ ಆಗಬೇಕು.

ಇದೆಲ್ಲ ಬೇರೆ ದೇಶದಲ್ಲಾದರೆ ಸರಿ. ಆದರೆ ಸ್ವೀಡನ್ನಿನ ಸೂರ್ಯನ ಕಥೆ ಗೊತ್ತಲ್ಲ? ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂಕಾಲಿಗೆಲ್ಲ ಮುಳುಗಿ ಮಾಯ. ಆಗ ಬಂದವರು ಪುಣ್ಯವಂತರು, ಮದುವೆಯ ದಿನದಿಂದ ಶುರುಮಾಡಿದ ಜಗಳ ಹನಿಮೂನು ದಾಟುವುದರೊಳಗೆ ಅಜ್ಜಿ "ಟೈಮಾಯ್ತು, ಕೈ ಕುಲುಕಿ!" ಎನ್ನುತ್ತಾರೆ. ಜೂನಿನಲ್ಲಿ ಬಂದವರ ಪಾಡು ನಾಯಿಪಾಡು. ಹತ್ತು ಗಂಟೆಯಾದರೂ ಸೂರ್ಯ ಕದಲುವುದಿಲ್ಲ, ಅಜ್ಜಿಯೂ ಬಿಡುವುದಿಲ್ಲ. ಒಂದು ಜೋಡಿಗಂತೂ ಕೊನೆಯ ರೈಲೇ ತಪ್ಪಿ, ನಮ್ಮ ಮನೆಯ ಸೋಫಾವೇ ಗತಿಯಾಯಿತು. ಬೆಳಿಗ್ಗೆ ಇಬ್ಬರೂ ಸೇರಿ ನಮ್ಮ ಸೋಫಾವನ್ನು ಬೈಯುತ್ತಿದ್ದರು. ಅವರು ಒಮ್ಮತದಿಂದ ಆಡಿದ ಮೊದಲ ಮಾತಂತೆ ಅದು!

ಚೆನ್ನಾಗಿ ಬಂದ ಎರಡು ಬ್ರೆಡ್ಡು ಅಜ್ಜಿಗೆ. ಸೊಟ್ಟಗಾದದ್ದು ನಮಗೆ. ಶನಿವಾರದ ತಿಂಡಿಗೆ ಚಟ್ನಿಪುಡಿ, ತುಪ್ಪ ಹಚ್ಚಿಕೊಂಡು ತಿನ್ನುತ್ತೇವೆ. ಒಂದು ತುದಿ ಇಲಿಬಾಲ, ಇನ್ನೊಂದು ತುದಿ ಆನೆಕಾಲಿನಂತಿದ್ದರೆ ನಮ್ಮವರು "ಪಾಪ, ಇವ್ರದ್ದು ಕಷ್ಟ ಇದೆ" ಎನ್ನುತ್ತಾರೆ. ಯಾರದು ಎಂದು ಮಾತ್ರ ಅಜ್ಜಿ ಬಾಯಿ ಬಿಡುವುದಿಲ್ಲ. ಊರು ಕೂಡ ಹೇಳುವುದಿಲ್ಲ.

ಇನ್ನು ನಮ್ಮನ್ನಾದರೂ ಸುಮ್ಮನೆ ಬಿಟ್ಟರೇ? ಅವರಲ್ಲಿ ಶುಕ್ರವಾರ ಸಂಜೆ ಗಂಡ ಹೆಂಡತಿಯನ್ನು ಹೊಗಳಿ ಹಾಡುವ ಪದ್ಧತಿಯಿದೆ. ಒಂದು ದಿನ ನಮ್ಮವರನ್ನು ಹಿಡಿದು ನಿಲ್ಲಿಸಿದರು. "ಹಾಡೋದು ಬೇಡ, ಮಾತಲ್ಲಿ ಹೊಗಳು ಸಾಕು."

ನಮ್ಮವರು ಚಾವಣಿ ನೋಡಿದರು, ನೆಲ ನೋಡಿದರು. "ಇವತ್ತು ಸಾರು ಚೆನ್ನಾಗಿತ್ತು."

"ಅದು ಸಾರಿನ ಹೊಗಳಿಕೆ. ಇವಳದ್ದು ಹೇಳು."

"ಇವಳು... ಟ್ಯಾಕ್ಸ್ ಫಾರಂ ಟೈಮಿಗೆ ಸರಿಯಾಗಿ ಕಳಿಸ್ತಾಳೆ."

ಮಗಳು ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಹತ್ತೊಂಬತ್ತು ಅವಳಿಗೆ, ಇಲ್ಲೇ ಬೆಳೆದವಳು. ಅಜ್ಜಿಯನ್ನು ಮೊರ್ಮೊರ್ ಎನ್ನುತ್ತಾಳೆ. ಸ್ವೀಡಿಷ್‌ನಲ್ಲಿ ಅಮ್ಮನ ಅಮ್ಮ. ಅಜ್ಜಿ ಮಾತ್ರ ನಗಲಿಲ್ಲ. "ಪರವಾಗಿಲ್ಲ. ಮುಂದಿನ ವಾರ ಇನ್ನೊಂದು" ಎಂದರು. ಎರಡು ವರ್ಷವಾಯಿತು, ಒಂದು ವಾರವೂ ತಪ್ಪಿಲ್ಲ. ಮೊನ್ನೆ "ಇವಳು ಹತ್ತಿರ ಇದ್ರೆ ಮನೇಲಿ ಗಡಿಯಾರದ ಸದ್ದು ಕೇಳ್ಸಲ್ಲ" ಎಂದರು ನಮ್ಮವರು. ಹೊಗಳಿಕೆಯೋ ದೂರೋ ಎಂದು ನಾನಿನ್ನೂ ಯೋಚಿಸುತ್ತಿದ್ದೇನೆ!

ಸರಿ, ತಂಗಿಯ ವಿಷಯಕ್ಕೆ ಬರೋಣ. ಅಜ್ಜಿಯೂ ಮೊದಲು ಗೋಥೆನ್‌ಬರ್ಗಿನವರೇ. ಒಂಬತ್ತು ವರ್ಷದ ಹಿಂದೆ ಅಲ್ಲಿನ ಸಮುದಾಯದ ಸಭಾಂಗಣದಲ್ಲಿ ದಾಂಪತ್ಯದ ಬಗ್ಗೆ ಉಪನ್ಯಾಸ ಕೊಟ್ಟರು. ಜನ ತೂಕಡಿಸುತ್ತಿದ್ದಾರೆ ಅನ್ನಿಸಿತಂತೆ. ಎಬ್ಬಿಸಲೆಂದು ಒಂದು ಉದಾಹರಣೆ ಹೇಳಿದರು: "ಒಬ್ಬಾಕೆ ಇದ್ದಾಳೆ, ಗಂಡನ ಮೇಲೆ ಸಿಟ್ಟು ಬಂದಾಗಲೆಲ್ಲ ಅವನ ಕನ್ನಡಕ ತಗೊಂಡು ಫ್ರಿಜ್ಜಲ್ಲಿ ಬಚ್ಚಿಡ್ತಾಳೆ." ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ! ಆಗಾಗ ಕನ್ನಡಕವಿಲ್ಲದೆ ಬಂದು, ಪಕ್ಕದವರದನ್ನು ಬೇಡಿ ಪ್ರಾರ್ಥನೆ ಓದುವ ಗಂಡಸು ಆ ಊರಿಗೆಲ್ಲ ಒಬ್ಬನೇ. ಇಡೀ ಸಭೆ ಎರಡನೆಯ ಸಾಲಿನತ್ತ ತಿರುಗಿ ಹೋ ಎಂದು ನಕ್ಕಿತು. ಅಲ್ಲಿ ಅಜ್ಜಿಯ ತಂಗಿಯೂ ಅವಳ ಗಂಡನೂ ಕೂತಿದ್ದರು. ಅಕ್ಕನ ಕಿವಿಯಲ್ಲಿ ಮಾತ್ರ ಹೇಳಿಕೊಂಡದ್ದು ಸಭೆಯ ನಗುವಾಯಿತು. ತಂಗಿ ಕೋಟು ಎತ್ತಿಕೊಂಡು ಎದ್ದಳು. ಅವಳ ಗಂಡ ಆಮೇಲೆ ಆ ಸಭಾಂಗಣದ ಹೊಸಿಲು ತುಳಿಯಲಿಲ್ಲವಂತೆ. ಅಜ್ಜಿ ಆ ಊರು ಬಿಟ್ಟರು.

(ಇದನ್ನು ಬರೆಯಲು ನಾನು ಅಜ್ಜಿಯ ಒಪ್ಪಿಗೆ ಪಡೆದಿದ್ದೇನೆ. "ಕನ್ನಡದಲ್ಲಿ ಅಲ್ವಾ? ಬರಿ. ಹೆಸರು ಬೇಡ. ನಗಿಸೋದಿದ್ರೆ ನನ್ನ ಮೇಲೆ ನಗಿಸು" ಎಂದಿದ್ದಾರೆ.)

ಅವರಲ್ಲಿ ಶರತ್ಕಾಲದಲ್ಲಿ ಒಂದು ದೊಡ್ಡ ಉಪವಾಸದ ದಿನ ಬರುತ್ತದೆ. ದೇವರ ವಿಷಯದಲ್ಲಿ ಮಾಡಿದ ತಪ್ಪನ್ನು ದೇವರು ಅಂದು ಕ್ಷಮಿಸುತ್ತಾನೆ. ಮನುಷ್ಯರಿಗೆ ಮಾಡಿದ ತಪ್ಪಿಗೆ ಮಾತ್ರ ಕೈ ಹಾಕುವುದಿಲ್ಲ. ಅದಕ್ಕೆ ಆ ಮನುಷ್ಯರನ್ನೇ ಹೋಗಿ ಕೇಳಬೇಕು. ಅವರು ಒಪ್ಪದಿದ್ದರೆ ಮೂವರು ಸ್ನೇಹಿತರನ್ನು ಮುಂದಿಟ್ಟುಕೊಂಡು ಕೇಳಬೇಕು. ಹೀಗೆ ಮೂರು ಸಲ. ಮೂರು ಸಲವೂ ಇಲ್ಲವೆಂದರೆ ಕೇಳಿದವರ ಹೊರೆ ಇಳಿಯಿತು, ಇನ್ನು ಕೇಳಬೇಕಾಗಿಲ್ಲ. ಬಂದ ದಂಪತಿಗಳಿಗೆಲ್ಲ ಅಜ್ಜಿ ಇದನ್ನೇ ಕಡ್ಡಾಯ ಮಾಡುತ್ತಾರೆ. ತಾವೂ ಎರಡು ಸಲ ಕೇಳಿದ್ದರು. ಮೊದಲು ಫೋನಿನಲ್ಲಿ, ತಂಗಿ ಕ್ಷಮಿಸುವುದಿಲ್ಲವೆಂದು ಫೋನು ಇಟ್ಟುಬಿಟ್ಟಳು. ಮರುವರ್ಷ ಹಳೆಯ ಗೆಳತಿಯರು ಮೂವರನ್ನು ಕರೆದುಕೊಂಡು ಬಾಗಿಲಿಗೇ ಹೋದರು, ಅಲ್ಲೂ ಅದೇ ಉತ್ತರ. ಆಮೇಲೆ ಹೋಗಿಯೇ ಇಲ್ಲ.

ಈ ಸಲ ಆ ಉಪವಾಸದ ದಿನಕ್ಕೆ ಒಂದು ವಾರವಿತ್ತು. ಅಜ್ಜಿ ನಮ್ಮ ಮನೆಯಲ್ಲಿ, ತಮ್ಮದೇ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದರು. (ಹಾಲಿಗೊಂದು ಪಾತ್ರೆ, ಮಾಂಸಕ್ಕೊಂದು ಪಾತ್ರೆ ಎನ್ನುವ ಅವರ ಮಡಿಯ ಮುಂದೆ ನನ್ನ ಸೋದರತ್ತೆಯ ಮಡಿ ಏನೇನೂ ಅಲ್ಲ!) ಮಗಳು ಫೋನಿನಿಂದ ತಲೆಯೆತ್ತದೆ ಕೇಳಿದಳು.

"ಮೊರ್ಮೊರ್, ಎಲ್ರಿಗೂ ಮೂರು ಸಲ ಕೇಳಿ ಅಂತೀಯ. ನೀನ್ಯಾಕೆ ಎರಡಕ್ಕೇ ಸ್ಟಾಪ್ ಮಾಡಿದೀಯ? ನಾಟ್ ಫೇರ್!"

"ಏಯ್!" ಎಂದು ನಾನು ಗದರಿದೆ. ಅಜ್ಜಿ ಲೋಟ ಕೆಳಗಿಟ್ಟರು.

"ಮೂರನೆಯದನ್ನೂ ಕೇಳಿ, ಅವಳು ಇಲ್ಲ ಅಂದ್ಬಿಟ್ರೆ ನಾನು ಮುಕ್ತಳು. ಹೊರೆ ಇಳೀತು. ಆಮೇಲೆ ಅವಳ ಬಾಗಿಲು ತಟ್ಟೋಕೆ ನಂಗೇನು ನೆಪ ಇರುತ್ತೆ ಹೇಳು? ನಂಗೆ ಮುಕ್ತಿ ಬೇಡ ಮರಿ. ಅದಕ್ಕೇ ಇಟ್ಕೊಂಡಿದೀನಿ."

ಅಷ್ಟು ಹೇಳಿ ಅಜ್ಜಿ ಎದ್ದರು. ಮುಖ ನೋಡಿದರೆ ಜೂನ್ ತಿಂಗಳ ದಂಪತಿಗಳನ್ನು ಹಿಡಿದು ಕೂರಿಸುವ ಅದೇ ಮುಖ! "ಆದ್ರೂ ಈ ಮರಿ ಹೇಳಿದ್ದು ನಿಜ. ನಾಟ್ ಫೇರ್. ಭಾನುವಾರ ಹೊರಡೋದು. ಮೂವರು ಸ್ನೇಹಿತರು ಬೇಕು. ನೀನು, ಇವನು, ಇವಳು. ಸರಿಹೋಯ್ತು."

"ನಾವಾ? ನಿಮ್ಮವರು ಯಾರಾದ್ರೂ..." ಎಂದರು ನಮ್ಮವರು.

"ಸ್ನೇಹಿತರು ಅಂತ ಇದೆ ಶಾಸ್ತ್ರದಲ್ಲಿ. ಈ ಊರಲ್ಲಿ ನಂಗೆ ಇನ್ಯಾರಿದಾರೆ? ಇಸ್ತ್ರಿ ಮಾಡಿರೋ ಷರ್ಟ್ ಹಾಕ್ಕೋ."

ಭಾನುವಾರ ನಾಲ್ವರೂ ರೈಲು ಹತ್ತಿದೆವು. ನಾನು ಪುಳಿಯೋಗರೆ ಕಟ್ಟಿಕೊಂಡಿದ್ದೆ. ಅಜ್ಜಿ ಬೇಯಿಸಿದ ಮೊಟ್ಟೆ ತಂದವರು ಒಂದನ್ನೂ ಸುಲಿಯಲಿಲ್ಲ. ದಾರಿಯುದ್ದಕ್ಕೂ ಭಾಷಣ ಅಭ್ಯಾಸ ಮಾಡಿದರು. ನಾಲ್ಕು ಪುಟ! ನಮ್ಮವರ ಕೈಗೆ ಕಾಗದ ಕೊಟ್ಟು, "ತಪ್ಪಿದ್ರೆ ಹೇಳು" ಎಂದರು. ಸ್ವೀಡಿಷ್‌ನಲ್ಲಿ ಒದ್ದಾಡುವ ನಮ್ಮವರು ಬೆರಳಿಟ್ಟು ಸಾಲು ಹುಡುಕುವಷ್ಟರಲ್ಲಿ ಅಜ್ಜಿ ಎರಡು ಸಲ ಮುಗಿಸಿರುತ್ತಿದ್ದರು.

ತಂಗಿಯ ಮನೆ ಹಳೆಯ ಕಟ್ಟಡದ ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ. ಅಜ್ಜಿ ಎಲ್ಲೂ ನಿಲ್ಲದೆ ಹತ್ತಿದರು. ಬೆಲ್ಲು ಒತ್ತಿದರು. ಬಾಗಿಲು ಸರಪಳಿಯಷ್ಟೇ ತೆರೆಯಿತು. ಸಂದಿಯಲ್ಲಿ ಅಜ್ಜಿಯದೇ ಮೂಗು, ಅಜ್ಜಿಯದೇ ಗದ್ದ. ಆ ಕಣ್ಣು ಅಕ್ಕನನ್ನು ದಾಟಿ ನಮ್ಮ ಮೇಲೆ ಬಿತ್ತು.

"ಇವರ್ಯಾರು?"

"ಸಾಕ್ಷಿಗಳು."

"ಎಲ್ಲಿಂದ ಹಿಡ್ಕೊಂಡು ಬಂದೆ?"

"ಎರಡನೇ ಮಹಡಿಯಿಂದ."

ನಮ್ಮವರು ಅಭ್ಯಾಸಬಲದಿಂದ ಕೈ ಮುಗಿದರು. ಅಜ್ಜಿ ಬಾಯಿ ತೆರೆದರು. ನಾಲ್ಕು ಪುಟದಲ್ಲಿ ಒಂದು ಸಾಲೂ ಬರಲಿಲ್ಲ. ಕೈ ಮಾತ್ರ ಕೋಟಿನ ಗುಂಡಿಯನ್ನು ತಿರುಗಿಸುತ್ತಿತ್ತು. ಕೊನೆಗೆ ಸಣ್ಣ ಹುಡುಗಿಯ ದನಿಯಲ್ಲಿ, "ನಿನ್ನ ಮೇಲೆ ಜನಾನ ನಗಿಸ್ಬಿಟ್ಟೆ. ತಪ್ಪಾಯ್ತು. ಕ್ಷಮಿಸ್ತೀಯಾ?" ಎಂದರು.

ತಂಗಿ ನಮ್ಮಿಂದ ಕಣ್ಣು ತೆಗೆದು ಅಕ್ಕನ ಮುಖ ನೋಡಿದಳು. ಆಮೇಲೆ ಕೇಳಿದಳು, "ಎಷ್ಟನೆಯದು ಇದು?"

"ಮೂರನೆಯದು."

"ಅಲ್ಲ."

"ಮೂರನೆಯದೇ. ಫೋನಲ್ಲಿ ಒಂದ್ಸಲ, ಈ ಬಾಗಿಲಲ್ಲಿ..."

"ಫೋನಿದ್ದು ಲೆಕ್ಕಕ್ಕಿಲ್ಲ. ಮುಖ ನೋಡದೆ ಕೇಳೋದು ಕೇಳಿದ ಹಾಗಾ? ಇದು ಎರಡನೆಯದು." ಆಕೆ ಸರಪಳಿಯನ್ನು ಬೆರಳಲ್ಲಿ ಹಿಡಿದುಕೊಂಡಿದ್ದಳು. "ಎರಡನೆಯದಕ್ಕೆ ನನ್ನ ಉತ್ತರ, ಇಲ್ಲ. ಇನ್ನೂ ಒಂದು ಬಾಕಿ ಇದೆ."

ಬಾಗಿಲು ಮುಚ್ಚಿತು. ಮೆತ್ತಗೆ ಮುಚ್ಚಿತು.

ಮಗಳು ಅಜ್ಜಿಯ ತೋಳು ಹಿಡಿದು "ಸಾರಿ ಮೊರ್ಮೊರ್, ನಾನೇ..." ಎನ್ನುತ್ತಿದ್ದಳು. ಅಜ್ಜಿ ಮೆಟ್ಟಿಲ ಮೇಲೆ ಹಾಗೇ ಕುಸಿದು ಕೂತರು. ಗಾಬರಿಯಾಗಿ ಬಗ್ಗಿ ನೋಡಿದೆ. ಕೆನ್ನೆಯೆಲ್ಲ ಒದ್ದೆ, ಬಾಯಿ ಮಾತ್ರ ಕಿವಿಯಿಂದ ಕಿವಿಗೆ ನಗುತ್ತಿದೆ! ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡರು.

"ಕೇಳಿಸ್ತೇನೇ ಹುಡುಗೀ? ಒಂಬತ್ತು ವರ್ಷದಿಂದ ಅವಳೂ ಎಣಿಸ್ಕೊಂಡೇ ಕೂತಿದಾಳೆ!"