ಕಡ್ಡಿಯ ಮೇಲೆ ನಿಲ್ಲದ ಮಂಜಿನ ಗೊಂಬೆಗಳ ಬಗ್ಗೆ, ಮುಖ ತೋರದ ಕೈಗಳಿಗೆ

ಮಾನ್ಯರೇ,

ಹಬ್ಬದ ಈ ದಿನಗಳಲ್ಲಿ ತಾವು ಕ್ಷೇಮವಾಗಿರುವಿರೆಂದೂ, ತಮ್ಮ ಉಗುರುಬಣ್ಣ ಎಂದಿನಂತೆ ಎಲ್ಲಿಯೂ ಕಿತ್ತುಹೋಗದೆ ಹೊಳೆಯುತ್ತಿದೆಯೆಂದೂ ನಂಬಿ, ಗೌರವಪೂರ್ವಕ ನಮಸ್ಕಾರಗಳೊಂದಿಗೆ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ತಮ್ಮ ಹೆಸರು ನನಗೆ ಗೊತ್ತಿಲ್ಲ. ಅಡುಗೆ ವಿಡಿಯೋಗಳಲ್ಲಿ ಫೋನಿನ ಪರದೆಯ ಮೇಲೆ ಮೊಣಕೈಯಿಂದ ಬೆರಳ ತುದಿಯವರೆಗೆ ಮಾತ್ರ ದರ್ಶನ ಕೊಡುವುದು ತಮ್ಮ ಪದ್ಧತಿಯಾದ್ದರಿಂದ, ಪತ್ರವನ್ನು ಬಲಗೈಗೆ ಬರೆಯಬೇಕೋ ಎಡಗೈಗೋ ಎಂದು ಬಹಳ ಯೋಚಿಸಿ, ಯಾರಿಗೂ ಬೇಸರವಾಗದಿರಲೆಂದು ಎರಡಕ್ಕೂ ಒಟ್ಟಿಗೆ ಕೈಮುಗಿದಿದ್ದೇನೆ. ಕೈಗಳಿಗೇ ಕೈಮುಗಿಯುವ ಯೋಗ ಎಲ್ಲರಿಗೂ ಬರುವುದಿಲ್ಲ.

ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತೆ. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಜನ ಬರೆಯುತ್ತಾರೆ, ತಮ್ಮ ದೂರನ್ನು ಗಂಭೀರವಾಗಿ ಪರಿಗಣಿಸಲಾಗಿದೆ ಎಂದು ನಾನು ಉತ್ತರ ಬರೆಯುತ್ತೇನೆ. ಗಂಭೀರವಾಗಿ ಪರಿಗಣಿಸುವುದೆಂದರೆ ಏನೆಂದು ಚೆನ್ನಾಗಿ ಬಲ್ಲವಳಾದ್ದರಿಂದ, ನನ್ನ ಈ ದೂರನ್ನು ಮಾತ್ರ ದಯವಿಟ್ಟು ಹಾಗೆ ಪರಿಗಣಿಸಬೇಡಿರೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ವಿಷಯ ತಿಳಿಯಬೇಕಾದರೆ ತಾವು ನಮ್ಮ ಮನೆಯ ಮೆಟ್ಟಿಲು ಹತ್ತಬೇಕು. ಕೆಳಗಿನ ಮನೆಯಲ್ಲಿ ನಾನು, ಲಿಫ್ಟ್ ರಿಪೇರಿ ಮಾಡುವ ನಮ್ಮ ಯಜಮಾನರು ಮತ್ತು ಮಗಳು. ಮೇಲಿನ ಮನೆಯಲ್ಲಿ ನನ್ನ ಓರಗಿತ್ತಿ, ಅಂದರೆ ನಮ್ಮ ಭಾವನವರ ಹೆಂಡತಿ. ನಡುವಿನ ಮನೆಯಲ್ಲಿ ನಮ್ಮ ಅತ್ತೆ. ಅವರಿಗೆ ಕಣ್ಣು ಮಂಜಾಗಿದ್ದರೂ ಮೇಲೆ ಬಿದ್ದ ಚಮಚದ ಸದ್ದೂ ಕೆಳಗೆ ಬಿಟ್ಟ ನಿಟ್ಟುಸಿರೂ ಒಂದೂ ತಪ್ಪದೆ ಕೇಳಿಸುತ್ತವೆ. ಪ್ರತಿ ಕ್ರಿಸ್‌ಮಸ್‌ಗೆ ಇಡೀ ಬಳಗದ ಮಕ್ಕಳು ಆ ನಡುಮನೆಯಲ್ಲಿ ಸೇರುತ್ತಾರೆ. ಕೇಕ್ ಮಾಡುವ ಹಕ್ಕು ಮೊದಲಿನಿಂದಲೂ ಓರಗಿತ್ತಿಯದೇ. ಅವರ ಕೇಕ್ ಹತ್ತಿಯಂತಿರುತ್ತದೆ, ಅವರ ಮಾತು ಮಾತ್ರ ಹತ್ತಿಯೊಳಗಿನ ಸೂಜಿ.

ಕಳೆದ ವರ್ಷ ನನಗೆ ಯಾವ ಗಳಿಗೆಯಲ್ಲಿ ಏನು ಹೊಳೆಯಿತೋ, ನಾನೂ ಒಂದು ಕೇಕ್ ಮಾಡಿ ತಂದೆ. ಚಾಕು ಇಳಿಯಲಿಲ್ಲ. ಓರಗಿತ್ತಿ, "ಚಾಕು ಪಾಪ, ಅದಕ್ಕೇನು ಗೊತ್ತು? ಯಾರಾದ್ರೂ ಗರಗಸ ತನ್ನಿ" ಎಂದರು. ಎಲ್ಲರೂ ನಕ್ಕರು. ಅಷ್ಟಕ್ಕೇ ಮುಗಿದಿದ್ದರೆ ನಾನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನಮ್ಮ ಯಜಮಾನರು ಅದನ್ನು ಸಲಹೆಯೆಂದು ತಿಳಿದು, ಓಡಿಹೋಗಿ, ತಮ್ಮ ಕೆಲಸದ ಚೀಲದಿಂದ ನಿಜವಾಗಿಯೂ ಗರಗಸ ತಂದುಬಿಟ್ಟರು. ಯಜಮಾನರ ಜೊತೆ ಒಂದು ವಾರ, ಓರಗಿತ್ತಿಯ ಜೊತೆ ಒಂದು ವರ್ಷ ನಾನು ಮಾತು ಬಿಟ್ಟೆ. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆಯ ಸುಣ್ಣ ನೋಡಿಕೊಂಡು ಹೋಗುತ್ತಿದ್ದೆವು. ಹೇಳಲೇಬೇಕಾದದ್ದು ಇದ್ದರೆ ಅತ್ತೆಯ ಮೂಲಕ ಹೋಗುತ್ತಿತ್ತು, ಹೋಗುವಾಗ ಇದ್ದದ್ದಕ್ಕಿಂತ ತಲುಪುವಾಗ ಸ್ವಲ್ಪ ದಪ್ಪವಾಗಿರುತ್ತಿತ್ತು.

ಇಂಥ ಹೊತ್ತಿನಲ್ಲಿ, ಕಚೇರಿಯಲ್ಲಿ ಊಟದ ಡಬ್ಬಿ ಮುಚ್ಚುತ್ತಾ ಫೋನಿನ ಮೇಲೆ ಬೆರಳಾಡಿಸಿದಾಗ, ತಾವು ಪ್ರತ್ಯಕ್ಷರಾದಿರಿ. ಕೇಕನ್ನು ಪುಡಿಮಾಡಿ, ಕ್ರೀಮಿನಲ್ಲಿ ಕಲಸಿ ಉಂಡೆ ಕಟ್ಟಿ, ಕಡ್ಡಿಗೆ ಸಿಕ್ಕಿಸಿ, ಕರಗಿದ ಬಿಳಿ ಚಾಕೊಲೇಟಿನಲ್ಲಿ ಅದ್ದಿದಿರಿ. ಕಣ್ಣು ಮೂಗು ಇಟ್ಟ ಕೂಡಲೇ ಅದು ಮಂಜಿನ ಗೊಂಬೆಯಾಗಿ ನನ್ನನ್ನು ನೋಡಿ ನಕ್ಕಿತು. "ಐದೇ ನಿಮಿಷ, ಮಗುವೂ ಮಾಡಬಹುದು" ಎಂದು ಅಕ್ಷರಗಳು ಮೂಡಿದವು. ಕೇಕನ್ನು ಪುಡಿಮಾಡಬೇಕು ಎಂಬ ಮಾತೇ ನನ್ನನ್ನು ಗೆದ್ದದ್ದು. ಕತ್ತರಿಸುವ ಪ್ರಶ್ನೆಯೇ ಇಲ್ಲ! ಇಷ್ಟು ದೂರದಲ್ಲಿ ಕುಳಿತು ನನ್ನ ಮನೆಯ ಕಷ್ಟವನ್ನು ಅರಿತ ತಮ್ಮ ಅಂತಃಕರಣವನ್ನು ಎಷ್ಟು ಹೊಗಳಿದರೂ ಸಾಲದು. ಅಂದೇ ಅತ್ತೆಗೆ ವಿಡಿಯೋ ತೋರಿಸಿ, ಈ ಸಲ ಮಕ್ಕಳಿಗೆ ಕೇಕ್ ಪಾಪ್ ಎಂಬ ಈ ಕಡ್ಡಿ ಕೇಕ್ ನನ್ನದು ಎಂದು ಘೋಷಿಸಿದೆ.

ಹಬ್ಬದ ಹಿಂದಿನ ದಿನ ರಜೆ ಹಾಕಿ ಬೆಳಿಗ್ಗೆಯೇ ಶುರು ಮಾಡಿದೆ. ಮೊದಲ ಹಂತದಲ್ಲಿ ನಾನು ತಮಗಿಂತ ಮುಂದಿದ್ದೆನೆಂದು ಹೆಮ್ಮೆಯಿಂದ ತಿಳಿಸಬಯಸುತ್ತೇನೆ: ತಾವು ಕೇಕನ್ನು ಬೆರಳಿಂದ ಪುಡಿ ಮಾಡಬೇಕಾಯಿತು, ನನ್ನದು ಒಲೆಯಿಂದ ಪುಡಿಯಾಗಿಯೇ ಹೊರಗೆ ಬಂತು. ಉಂಡೆಗಳೂ ಗುಂಡಗೆ ಗಟ್ಟಿಯಾಗಿ ಆದವು. ಕಡ್ಡಿ ಚುಚ್ಚಿ ಫ್ರಿಜ್ಜಿನಲ್ಲಿಟ್ಟು, ಚಾಕೊಲೇಟ್ ಕರಗಿಸಲು ನಿಂತೆ. ಅದು ಹಾಲಿನ ಕೆನೆಯಂತೆ ನುಣ್ಣಗಾಗಿತ್ತು. ಆಗ ತೊಳೆದ ಚಮಚದ ತುದಿಯಿಂದ ಒಂದು ಹನಿ ನೀರು ಅದರೊಳಗೆ ಬಿತ್ತು. ನೋಡನೋಡುತ್ತಿದ್ದಂತೆ ಚಾಕೊಲೇಟ್ ಮುದುಡಿಕೊಂಡು, ಮರಳು ಮರಳಾಗಿ, ಗೋಡೆಗೆ ಮೆತ್ತುವ ಗಾರೆಯ ಹಾಗಾಯಿತು. ಊರಿಗೆಲ್ಲ ಹನಿ ನೀರಿಲ್ಲವೆಂದು ಬರುವ ದೂರುಗಳ ನಡುವೆ ಬದುಕುವ ನನಗೆ, ಇರಬಾರದ ಜಾಗದಲ್ಲಿ ಇದ್ದ ಒಂದೇ ಒಂದು ಹನಿ ನೀರು ಹೀಗೆ ಬುದ್ಧಿ ಕಲಿಸಿತು. ತಮ್ಮ ವಿಡಿಯೋದಲ್ಲಿ ನೀರಿನ ಬಗ್ಗೆ ಒಂದು ಮಾತಿಲ್ಲ. ತಮ್ಮ ಮನೆಯಲ್ಲಿ ನಲ್ಲಿಯೇ ಇಲ್ಲವೇನೋ ಎಂದು ಇಲಾಖೆಯವಳಾಗಿ ನನಗೆ ಕಳವಳವಾಗಿದೆ.

ಉಳಿದಿದ್ದ ಚಾಕೊಲೇಟನ್ನು ಜೀವ ಕೈಯಲ್ಲಿ ಹಿಡಿದುಕೊಂಡು ಕರಗಿಸಿ ಮೊದಲ ಉಂಡೆಯನ್ನು ಅದ್ದಿದೆ. ಕಡ್ಡಿ ನನ್ನ ಕೈಯಲ್ಲಿ ಉಳಿಯಿತು, ಉಂಡೆ ತಳಕ್ಕೆ ಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದು ನಿಂತು ನನಗೆ ಆಸೆ ಹುಟ್ಟಿಸಿ, ಕಣ್ಣು ಬರೆಯುವ ಹೊತ್ತಿಗೆ ಕಡ್ಡಿಯುದ್ದಕ್ಕೂ ಮೆಲ್ಲಗೆ ಜಾರಿ ನನ್ನ ಮುಷ್ಟಿಯ ಮೇಲೆ ಬಂದು ಕುಳಿತಿತು. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡು, "ನೋಡು, ಲೋಡ್ ಜಾಸ್ತಿ ಆಗಿದೆ, ಹಿಡಿತ ಇಲ್ಲ. ನಮ್ಮಲ್ಲಿ ಹೀಗಾದ್ರೆ ಲಿಫ್ಟ್ ನಿಲ್ಲಿಸಿ ಬೋರ್ಡ್ ಹಾಕ್ತೀವಿ" ಎಂದರು. ನಾನು ನೋಡಿದ ನೋಟಕ್ಕೆ ಅವರು ಬೋರ್ಡ್ ಹಾಕಿಕೊಂಡವರಂತೆ ಹೊರಟುಹೋದರು. ಮಗಳು ಕೆಂಪು ಮೂಗಿನ ಜಿಂಕೆ ಮಾಡುತ್ತೇನೆಂದು ಬಿಸ್ಕತ್ತಿನ ಚೂರುಗಳನ್ನು ಕೊಂಬಾಗಿ ಚುಚ್ಚುತ್ತಿದ್ದವಳು, "ಅಮ್ಮಾ, ಇದು ಜಿಂಕೆ ಥರ ಇಲ್ಲ, ನೆಗಡಿ ಆಗಿರೋ ನಮ್ಮ ಹೆಡ್‌ಮಾಸ್ಟರ್ ಥರ ಇದೆ" ಎಂದಳು. ಮಾನ್ಯರೇ, ನಾನು ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಇನ್ನೊಂದು ವರ್ಷ ಆ ಮೆಟ್ಟಿಲಲ್ಲಿ ತಲೆ ತಗ್ಗಿಸಿ ಓಡಾಡಬೇಕಲ್ಲ ಎಂದು ಅತ್ತುಬಿಟ್ಟೆ.

ಮಗಳು ಹೆದರಿ ಎದ್ದು ಹೋದವಳು ಸ್ವಲ್ಪ ಹೊತ್ತಿನಲ್ಲಿ ಮೆಟ್ಟಿಲು ದಡಬಡ ಇಳಿದು ಬಂದು, "ಅಮ್ಮಾ! ದೊಡ್ಡಮ್ಮನ ಮನೇಲಿ ಕ್ರಿಸ್‌ಮಸ್ ಮರಗಳೆಲ್ಲ ಮಕಾಡೆ ಮಲಗಿವೆ!" ಎಂದು ಕೂಗಿದಳು. ನಾನು ತೋರಿಸಿದ ವಿಡಿಯೋದ ಸುದ್ದಿಯನ್ನು ಅತ್ತೆ ಮೇಲಿನ ಮನೆಗೂ ಮುಟ್ಟಿಸಿದ್ದರು. ನನಗಿಂತ ಚೆನ್ನಾಗಿ ಮಾಡಿ ತೋರಿಸಬೇಕೆಂದು ಓರಗಿತ್ತಿಯೂ ಗುಟ್ಟಾಗಿ ಮರದಾಕಾರದ ಕೇಕ್ ಪಾಪ್ ಹಿಡಿದು ಕೂತಿದ್ದರು. ಅವರದೂ ಬಿದ್ದಿದೆ ಎಂದು ಕೇಳಿದಾಗ ನನಗಾದ ಆನಂದವನ್ನು ಬಣ್ಣಿಸಲು ಇಲಾಖೆಯ ಭಾಷೆಯಲ್ಲಿ ಪದಗಳಿಲ್ಲ. ಕಣ್ಣೀರು ಒರೆಸದೆಯೇ ನಕ್ಕುಬಿಟ್ಟೆ. ಆಗಲೇ ನೋಡಿದ್ದು, ಮಗಳ ಹಿಂದೆಯೇ ಬಾಗಿಲಲ್ಲಿ ಓರಗಿತ್ತಿ ನಿಂತಿದ್ದರು. ಕೈಯಲ್ಲಿ ಬಿಳಿ ಚಾಕೊಲೇಟಿನ ಬಟ್ಟಲು, ಹುಬ್ಬಿನ ಮೇಲೆ ಹಸಿರು ಬಣ್ಣ.

"ನಗ್ಬೇಡ" ಎಂದರು.

"ನಗ್ತಿಲ್ಲ ಅಕ್ಕ."

"ನಗ್ತಾ ಇದೀಯ. ಹಲ್ಲೆಲ್ಲ ಚಾಕೊಲೇಟ್."

ವರ್ಷದ ಮೇಲೆ ನಾವಾಡಿದ ಮೊದಲ ಮಾತುಗಳು ಇವು. ಅವರು ಬಂದು ನನ್ನ ಪಕ್ಕದಲ್ಲೇ ನೆಲಕ್ಕೆ ಕುಳಿತರು. ಅವರ ಚಾಕೊಲೇಟ್ ನುಣ್ಣಗಿತ್ತು, ಉಂಡೆಗಳು ಮೆತ್ತಗಾಗಿದ್ದವು. ನನ್ನ ಉಂಡೆಗಳು ಗಟ್ಟಿಯಾಗಿದ್ದವು, ಚಾಕೊಲೇಟ್ ಬಹುಪಾಲು ಗಾರೆಯಾಗಿತ್ತು. ಇಬ್ಬರದೂ ಕಡ್ಡಿಗೆ ನಿಲ್ಲುತ್ತಿರಲಿಲ್ಲ. ಕೊನೆಗೆ ಒಂದೇ ಫೋನಿಗೆ ತಲೆ ಹಚ್ಚಿ ತಮ್ಮ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆವು.

ಮಾನ್ಯರೇ, ತಪ್ಪು ತಿಳಿಯಬಾರದು. ಉಂಡೆ ಕಟ್ಟುವಾಗ ತಮ್ಮ ಉಗುರು ಕೆಂಪಗಿದೆ, ಅದ್ದುವಾಗ ಹಸಿರಾಗಿದೆ. "ಕಳ್ಳಿ! ಇದು ಬೇರೆ ದಿನ ಮಾಡಿದ್ದು ಕಣೇ!" ಎಂದು ಓರಗಿತ್ತಿ ನನ್ನ ತೊಡೆಗೆ ಬಾರಿಸಿದರು. ಕಳ್ಳಿ ಎಂಬ ಪದಕ್ಕಾಗಿ ಅವರ ಪರವಾಗಿ ನಾನು ಕ್ಷಮೆ ಕೋರುತ್ತೇನೆ, ಏಕವಚನ ತಪ್ಪಾಯಿತು. ಏಕೆಂದರೆ ಮತ್ತೊಮ್ಮೆ ನೋಡಿದಾಗ, ಕೆಂಪು ಉಗುರಿನ ಹೆಬ್ಬೆರಳ ಬುಡದಲ್ಲಿ ಒಂದು ಮಚ್ಚೆ ಇತ್ತು, ಹಸಿರು ಉಗುರಿನ ಹೆಬ್ಬೆರಳಿಗೆ ಇರಲಿಲ್ಲ. ತಾವು ಒಬ್ಬರಲ್ಲ, ಇಬ್ಬರು. ತಮಗೂ ಓರಗಿತ್ತಿಯೊಬ್ಬರಿದ್ದಾರೆಂದು ಮೊದಲೇ ಹೇಳಿದ್ದರೆ ನಾವೂ ಒಂದು ವರ್ಷ ಮೊದಲೇ ರಾಜಿಯಾಗುತ್ತಿದ್ದೆವಲ್ಲವೇ? ಎರಡು ಉಗುರುಬಣ್ಣಗಳ ನಡುವೆ ಒಂದು ಕ್ಷಣ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಹೊತ್ತು, ಕಡ್ಡಿಯ ತುದಿಯಲ್ಲಿ ಬೆಳ್ಳಗೆ ಏನೋ ಹತ್ತಿದ್ದು ಕಾಣಿಸಿತು. ಕಡ್ಡಿಯನ್ನು ಮೊದಲು ಚಾಕೊಲೇಟಿನಲ್ಲಿ ಅದ್ದಿ ಆಮೇಲೆ ಚುಚ್ಚಬೇಕು, ಅದು ಆರಿ ಹಿಡಿದುಕೊಳ್ಳುವವರೆಗೆ ಕಾಯಬೇಕು. ಇದ್ದ ವಿದ್ಯೆ ಅಷ್ಟೇ. ಅದನ್ನು ಮಾತ್ರ ಬಿಟ್ಟು ಹಿನ್ನೆಲೆ ಸಂಗೀತವನ್ನು ಪೂರ್ತಿಯಾಗಿ ಕೊಟ್ಟ ತಮ್ಮ ಔದಾರ್ಯಕ್ಕೆ ನಾವು ಚಿರಋಣಿಗಳು.

ಆಮೇಲೆ ಓರಗಿತ್ತಿ ನನ್ನ ಉಂಡೆಗಳನ್ನು ಅವರ ಚಾಕೊಲೇಟಿನಲ್ಲಿ ಅದ್ದಿದರು, ನಾನು ಕಡ್ಡಿ ತಟ್ಟಿ ಹೆಚ್ಚಾದದ್ದನ್ನು ಇಳಿಸಿದೆ, ಮಗಳು ಬಣ್ಣದ ಸಕ್ಕರೆ ಕಾಳು ಉದುರಿಸಿದಳು. ಯಜಮಾನರು ಲಿಫ್ಟಿನ ಮೋಟಾರಿನ ಜೊತೆ ಬಂದಿದ್ದ ಥರ್ಮೊಕೋಲಿಗೆ ತೂತು ಕೊರೆದು ಕಡ್ಡಿ ನಿಲ್ಲಿಸಲು ಕೊಟ್ಟರು. ಕೆಲಸದ ಮಧ್ಯೆ ಓರಗಿತ್ತಿ ನನ್ನ ಮುಖ ನೋಡದೆಯೇ, "ಅವತ್ತು ಅವರು ಗರಗಸ ತಂದೇಬಿಡ್ತಾರೆ ಅಂತ ನಂಗೇನು ಗೊತ್ತಿತ್ತೇ?" ಎಂದರು. ಕ್ಷಮೆಯೆಂದರೆ ಅವರ ಕಡೆಯಿಂದ ಇಷ್ಟೇ ಬರುವುದು. ನಾನು ಸ್ವೀಕರಿಸಿ ಮುಂದಿನ ಕಡ್ಡಿ ಕೊಟ್ಟೆ.

ಮರುದಿನ ನಡುಮನೆಯಲ್ಲಿ ಮಕ್ಕಳು ಮುತ್ತಿಕೊಂಡರು. ಅತ್ತೆ ಒಂದು ಮಂಜಿನ ಗೊಂಬೆಯನ್ನು ಎತ್ತಿ, ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಬರೆದ ಕಣ್ಣುಗಳು ಸ್ವಲ್ಪ ಹರಡಿ ಕನ್ನಡಕದಂತಾಗಿದ್ದವು, ಚಾಕೊಲೇಟ್ ನೆತ್ತಿಯಲ್ಲಿ ಗಂಟುಕಟ್ಟಿ ತುರುಬಿನಂತಾಗಿತ್ತು.

"ಯಾರು ಮಾಡಿದ್ದು ಇದು?" ಎಂದರು.

ನಾನು ಓರಗಿತ್ತಿಯನ್ನು ತೋರಿಸಿದೆ, ಅವರು ನನ್ನನ್ನು ತೋರಿಸಿದರು.

"ಇಬ್ರೂ ಸೇರ್ಕೊಂಡು ನನ್ನ ಮುಖ ಮಾಡಿದೀರ" ಎಂದು ಅತ್ತೆ ತಮ್ಮದೇ ತಲೆಯನ್ನು ಕಚ್ಚಿ, ನಿಧಾನವಾಗಿ ಅಗಿದು, "ಸಿಹಿ ಜಾಸ್ತಿ ಆಯ್ತು. ನಾನು ಅಷ್ಟು ಸಿಹಿ ಇಲ್ಲ" ಎಂದರು. ನಾನೂ ಓರಗಿತ್ತಿಯೂ ಅಡುಗೆಮನೆಗೆ ಓಡಿ, ಒಬ್ಬರ ಸೆರಗನ್ನು ಇನ್ನೊಬ್ಬರ ಬಾಯಿಗೆ ತುರುಕಿಕೊಂಡು, ನಿಲ್ಲಲಾಗದಷ್ಟು ನಕ್ಕೆವು.

ಆದ್ದರಿಂದ ನನ್ನ ದೂರು ಏನೆಂದರೆ, ಮಾನ್ಯರೇ, ಒಂದು ವರ್ಷ ನಾನು ಅನುಭವಿಸಿದ್ದ ಶಾಂತಿಯನ್ನು ತಾವು ಹಾಳು ಮಾಡಿದ್ದೀರಿ. ಈಗ ಓರಗಿತ್ತಿ ದಿನವೂ ಕೆಳಗಿಳಿದು ಬರುತ್ತಾರೆ. ನನ್ನ ಪರದೆಯ ಬಣ್ಣ, ನನ್ನ ಮಗಳ ಜಡೆ, ನನ್ನ ಒಲೆಯ ಉರಿ, ಯಾವುದೂ ಅವರ ಕಣ್ಣಿಗೆ ಸರಿಯಿಲ್ಲ. ಬಾರದ ದಿನ ನಾನೇ ಮೇಲೆ ಹೋಗಿ ಬೈಸಿಕೊಂಡು ಬರುವಂತಾಗಿದೆ. ಸುದ್ದಿ ಸಾಗಿಸುವ ಕೆಲಸ ಕಳೆದುಕೊಂಡ ಅತ್ತೆಗೆ ಮಾತ್ರ ಬೇಸರ ಹಿಡಿದಿದೆ. ಇದಕ್ಕೆ ಪರಿಹಾರವಾಗಿ, ಚಾಕೊಲೇಟ್ ಮೆತ್ತಿದ ನಮ್ಮ ಪಾತ್ರೆಗಳನ್ನು ತೊಳೆಯಲು ತಮ್ಮ ನಾಲ್ಕೂ ಕೈಗಳನ್ನು ಒಂದು ದಿನದ ಮಟ್ಟಿಗೆ ಕಳುಹಿಸಿಕೊಡಬೇಕೆಂದು, ಮುಖಗಳನ್ನು ತರಲು ಸಂಕೋಚವಾದರೆ ಮನೆಯಲ್ಲೇ ಬಿಟ್ಟು ಬರಬಹುದೆಂದು, ಮುಂದಿನ ವಿಡಿಯೋದಲ್ಲಿ ಕನಿಷ್ಠ ಒಂದು ಉಂಡೆಯನ್ನಾದರೂ ಕೆಳಗೆ ಬೀಳಿಸಿ ಲೋಕಕ್ಕೆ ಉಪಕಾರ ಮಾಡಬೇಕೆಂದು ವಿನಂತಿಸುತ್ತೇನೆ.

ತಮ್ಮನ್ನು ಇಷ್ಟಾದ ಮೇಲೂ ನಂಬುವ ಹಠ ಬಿಡದ,
ತಮ್ಮ ವಿಶ್ವಾಸಿ,
ಕೆಳಗಿನ ಮನೆಯ ಸೊಸೆ

ಮರೆತ ಮಾತು: ಬಿಸ್ಕತ್ತಿನಿಂದ ಮನೆ ಕಟ್ಟುವ ತಮ್ಮ ಹೊಸ ವಿಡಿಯೋ ಈಗಷ್ಟೇ ಬಂದಿದೆ. ಅದು ಒಂದೇ ಕೋಣೆಯ ಮನೆ ಎಂದು ತಿಳಿದು ಬೇಸರವಾಯಿತು. ನಮ್ಮ ಅತ್ತೆ ಆಗಲೇ, ಆ ಮನೆಯಲ್ಲಿ ನನ್ನ ಮಂಚ ಎಲ್ಲಿ ಹಾಕುತ್ತೀರಿ ಎಂದು ಕೇಳಿದ್ದಾರೆ. ಅವರಿಗೆ ಉತ್ತರ ಕೊಡಲು ತಮ್ಮ ಮನೆಯ ವಿಳಾಸವನ್ನೇ ಬರೆದುಕೊಡೋಣವೆಂದಿದ್ದೇವೆ, ದಯಮಾಡಿ ಕಳುಹಿಸಿ.